ಫಾದರ್ ಹತ್ತಿರ ಲೆಕ್ಕ ಕೇಳಿದರೆ ಅವಿಧೇಯತೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ಚರ್ಚಿನಲ್ಲಿ ಹೊಸ ಸಭಾಭವನಕ್ಕೆಂದು ಮನೆಮನೆಗೆ ವಂತಿಗೆ ಕಟ್ಟಿದ್ದಾರೆ, ಲೆಕ್ಕ ಹೊರಗೆ ಬಂದಿಲ್ಲ. ಕೇಳಿದವರಿಗೆ ‘ಧರ್ಮಗುರುಗಳಿಗೆ ವಿಧೇಯರಾಗಿರಿ ಅಂತ ಬೈಬಲಲ್ಲೇ ಇದೆ’ ಎಂಬ ಉತ್ತರ ಸಿಕ್ಕಿದೆ. ವಿಶ್ವಾಸಿಯಾದವನು ಫಾದರನ್ನೋ ಬಿಷಪರನ್ನೋ ಟೀಕಿಸಬಹುದೇ, ಇಲ್ಲ ಹೇಳಿದ್ದನ್ನು ಕೇಳಿಕೊಂಡು ಇರಬೇಕೇ ಎಂದು ಕೇಳಿದ್ದೀರಿ.

ಕೇಳಬಹುದು. ನಿಮ್ಮ ಸಂದರ್ಭದಲ್ಲಿ ಕೇಳಲೇಬೇಕು. ನಾನು ಕುಂಬಳೆ ಕಡೆಯ ಕೊಂಕಣಿ ಕಥೋಲಿಕ, ನಮ್ಮ ಚರ್ಚಿನ ಪಾಲನಾ ಸಮಿತಿಯಲ್ಲಿ ಇದ್ದವನು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದರೂ ಇಲ್ಲಿನ ನಮ್ಮ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. 1890ರ ಬೇಳ ಚರ್ಚಿನಿಂದ ಹಿಡಿದು ಎಲ್ಲದಕ್ಕೂ ಬಿಷಪರು ಮಂಗಳೂರಿನಲ್ಲೇ. ಹಾಗಾಗಿ ಇಲ್ಲಿ ಬರೆಯುವುದು ಕಥೋಲಿಕ ಸಭೆಯ, ಅಂದರೆ ಇಡೀ ಕಥೋಲಿಕ ಧರ್ಮಸಂಸ್ಥೆಯ, ರೀತಿ ರಿವಾಜಿನ ಮಾತು.

ಮೊದಲು ಆ ಬೈಬಲ್ ವಾಕ್ಯ. ಅದು ಹಿಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯದ 17ನೇ ವಾಕ್ಯ. ನಿಮ್ಮ ನಾಯಕರ ಮಾತು ಕೇಳಿ, ಅವರಿಗೆ ಅಧೀನರಾಗಿರಿ ಎನ್ನುವುದು ಅದರ ಮೊದಲರ್ಧ. ಯಾಕೆ ಎನ್ನುವುದು ಅದರ ಮುಂದೆಯೇ ಇದೆ: ಅವರು ನಿಮ್ಮ ಆತ್ಮಗಳನ್ನು ಕಾಯುವವರು, ಅದಕ್ಕೆ ಲೆಕ್ಕ ಒಪ್ಪಿಸಬೇಕಾದವರು. ಈ ಎರಡನೇ ಭಾಗವನ್ನು ಬಿಟ್ಟು ಮೊದಲಿನದನ್ನು ಮಾತ್ರ ಜನರ ಮುಂದಿಡುವುದು ದೇವರ ವಾಕ್ಯಕ್ಕೇ ಮಾಡುವ ಅನ್ಯಾಯ. ಇನ್ನು ಗಲಾತ್ಯರಿಗೆ ಬರೆದ ಪತ್ರದ ಎರಡನೇ ಅಧ್ಯಾಯ ತೆಗೆದು ನೋಡಿ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದವರ ಜೊತೆ ಕೂತು ಊಟ ಮಾಡುತ್ತಿದ್ದ. ಜೆರುಸಲೇಮಿನ ಕಡೆಯವರು ಬಂದ ಕೂಡಲೇ ಹೆದರಿ ಬೇರೆ ಕೂತ. ಪೌಲ ಎಲ್ಲರ ಎದುರಿಗೇ ಅವನನ್ನು ಆಕ್ಷೇಪಿಸಿದ. ಮೊದಲ ಪೋಪರನ್ನೇ ಮುಖಕ್ಕೆ ಮುಖ ಕೊಟ್ಟು ಪ್ರಶ್ನಿಸಿದ ಪ್ರಸಂಗ ಇದು, ಸಭೆ ಅದನ್ನು ಬಚ್ಚಿಡಲಿಲ್ಲ, ಪವಿತ್ರ ಗ್ರಂಥದಲ್ಲೇ ಉಳಿಸಿಕೊಂಡಿತು. ಪೇತ್ರನ ಹೆಸರಿನ ಎರಡನೇ ಪತ್ರದ ಕೊನೆಯಲ್ಲಿ ಪೌಲನನ್ನು ‘ಪ್ರಿಯ ಸಹೋದರ’ ಎಂದೇ ಕರೆದಿದೆ. ಆಕ್ಷೇಪದಿಂದ ಒಬ್ಬರ ಸ್ಥಾನ ಹೋಗಲಿಲ್ಲ, ಇನ್ನೊಬ್ಬರು ಸಭೆಯಿಂದ ಹೊರಗೂ ಬೀಳಲಿಲ್ಲ.

ಇನ್ನೊಂದು ವಿಷಯ ನಮ್ಮವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಗುರುದೀಕ್ಷೆಯ ದಿನ ಫಾದರ್ ತಮ್ಮ ಬಿಷಪರಿಗೆ ಗೌರವ, ವಿಧೇಯತೆಯ ಮಾತು ಕೊಡುತ್ತಾರೆ. ನೀವು, ನಾನು ಫಾದರಿಗೆ ಅಂಥ ಮಾತು ಯಾವತ್ತೂ ಕೊಟ್ಟಿಲ್ಲ. ಜ್ಞಾನಸ್ನಾನದಲ್ಲಿ ನಮ್ಮ ಪರವಾಗಿ ಕೊಟ್ಟ ಮಾತು ಸೈತಾನನನ್ನು ತ್ಯಜಿಸುತ್ತೇವೆ, ದೇವರನ್ನು ನಂಬುತ್ತೇವೆ ಎಂದು. ವಿಶ್ವಾಸದ ಬೋಧನೆಯಲ್ಲಿ, ಸಂಸ್ಕಾರಗಳಲ್ಲಿ, ಸಭೆಯ ಶಿಸ್ತಿನಲ್ಲಿ ನಾವು ಗುರುಗಳ ಮಾತು ಕೇಳಬೇಕು. ನಾನು ಕೇಳುತ್ತೇನೆ, ಮನಸ್ಸಿಟ್ಟೇ ಕೇಳುತ್ತೇನೆ. ಸಭಾಭವನಕ್ಕೆ ಸಿಮೆಂಟು ಯಾವ ಅಂಗಡಿಯಿಂದ ಬಂತು, ಚರ್ಚಿನ ತೆಂಗಿನ ತೋಟದ ಹುಟ್ಟುವಳಿ ಎಷ್ಟು ಎನ್ನುವುದು ವಿಶ್ವಾಸದ ಬೋಧನೆ ಅಲ್ಲ.

ಇದು ನನ್ನ ಸ್ವಂತ ವಾದವೂ ಅಲ್ಲ. ಇಡೀ ಸಭೆಗೆ ಅನ್ವಯಿಸುವ 1983ರ ಸಭಾಕಾನೂನಿನ (ಕ್ಯಾನನ್ ಲಾ) 212ನೇ ವಿಧಿ ಓದಿ. ಮೊದಲ ಭಾಗದಲ್ಲಿ ವಿಧೇಯತೆ ಇದೆ. ಮೂರನೇ ಭಾಗದಲ್ಲಿ, ಸಭೆಯ ಹಿತದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ ಎಂದಿದೆ. ಉಳಿದ ವಿಶ್ವಾಸಿಗಳಿಗೆ ತಿಳಿಸುವ ಹಕ್ಕೂ ಇದೆ. ಅದಕ್ಕೆ ಹಾಕಿದ ಷರತ್ತು ವಿಶ್ವಾಸಕ್ಕೆ, ನೀತಿಗೆ ಧಕ್ಕೆ ಬರಬಾರದು, ಗುರುಗಳ ಮೇಲೆ ಗೌರವ ಇರಬೇಕು, ಎಲ್ಲರ ಹಿತ ಮತ್ತು ಎದುರಿನವರ ಮರ್ಯಾದೆ ನೆನಪಿರಬೇಕು ಎಂಬುದು. ಹಣದ ಬಗ್ಗೆ ಬೇರೆಯೇ ವಿಧಿಗಳಿವೆ. 537ನೇ ವಿಧಿ ಪ್ರಕಾರ ಪ್ರತಿ ಚರ್ಚಿನಲ್ಲೂ ಆರ್ಥಿಕ ಸಮಿತಿ ಇರಲೇಬೇಕು, ಅದು ಫಾದರ್ ಮನಸ್ಸಿಗೆ ಬಿಟ್ಟದ್ದಲ್ಲ. 1287ನೇ ವಿಧಿಯಲ್ಲಿ, ಜನ ಕೊಟ್ಟ ಕಾಣಿಕೆಯ ಲೆಕ್ಕವನ್ನು ಜನರಿಗೇ ಒಪ್ಪಿಸಬೇಕು ಎಂದಿದೆ. ಹಾಗಾದರೆ ನಿಮ್ಮ ಚರ್ಚಿನಲ್ಲಿ ಸಭೆಯ ಆಜ್ಞೆ ಮೀರಿದವರು ಲೆಕ್ಕ ಕೇಳಿದವರಲ್ಲ.

ನಮ್ಮ ಕಡೆಯ ಒಂದು ಚರ್ಚಿನ ವಾರ್ಷಿಕ ಸಭೆಯಲ್ಲಿ ನಾನೇ ಕಂಡದ್ದು ಹೇಳುತ್ತೇನೆ. ಆವರಣ ಗೋಡೆ ಕಟ್ಟಿಸಿದ ವರ್ಷ. ಆದಿತ್ಯವಾರದ ಪೂಜೆ ಮುಗಿದು ಅರ್ಧ ಜನ ಆಗಲೇ ಬೈಕ್ ಸ್ಟಾರ್ಟ್ ಮಾಡಿ ಆಗಿತ್ತು. ಕಾರ್ಯದರ್ಶಿ ಲೆಕ್ಕ ಓದಿ ಮುಗಿಸಿದರು, ಎಲ್ಲರೂ ತಲೆಯಾಡಿಸಿದರು. ಆಗ ಒಂದು ವಾಳೆಯ, ಅಂದರೆ ಚರ್ಚಿನ ಕೆಲವು ಮನೆಗಳ ಗುಂಪಿನ, ಹಿರಿಯ ಗುರಿಕಾರರು (ಮುಖ್ಯಸ್ಥರು), ನಾವೆಲ್ಲ ಬಾಪ್ಪು ಎಂದು ಕರೆಯುವವರು, ಎದ್ದು ನಿಂತರು. ಕೈಯಲ್ಲಿ ತಮ್ಮ ವಾಳೆಯ ರಶೀದಿ ಪುಸ್ತಕದ ಅಡಿಪ್ರತಿಗಳು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದು. ‘ಫಾದರ್, ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ಆದರೆ ನಮ್ಮ ವಾಳೆಯಿಂದ ಕೊಟ್ಟ ಹಣಕ್ಕೂ ನೀವು ಓದಿದ್ದಕ್ಕೂ ತಾಳೆ ಬರುವುದಿಲ್ಲ’ ಎಂದರು. ಫಾದರ್ ಮುಖ ಕೆಂಪಾಯಿತು. ಹಿಂದಿನಿಂದ ಯಾರೋ ‘ಕೂತ್ಕೊಳ್ಳಿ ಬಾಪ್ಪು, ಫಾದರಿಗೆ ಎದುರು ಮಾತಾಡ್ತೀರಾ’ ಎಂದರು. ಅವರು ಕೂರಲಿಲ್ಲ. ಸ್ವರ ಏರಿಸಲೂ ಇಲ್ಲ. ಕೊನೆಗೆ ಫಾದರೇ ಪುಸ್ತಕ ತರಿಸಿದರು. ಗೋಡೆಗೆ ಮುರಕಲ್ಲು (ಕೆಂಪುಕಲ್ಲು) ತಂದವನಿಗೆ ಕೈಯಿಂದ ಕೊಟ್ಟ ಹಣ ಖರ್ಚಿಗೂ ಹತ್ತಿರಲಿಲ್ಲ, ಜಮೆಗೂ ಹತ್ತಿರಲಿಲ್ಲ. ಆ ವಾಳೆಯ ಹಣ ನೇರ ಅಲ್ಲಿಗೇ ಹೋಗಿತ್ತು. ಕಳ್ಳತನ ಇರಲಿಲ್ಲ. ಮುಂದಿನ ವಾರ ಪೂರ್ತಿ ಲೆಕ್ಕ ನೋಟಿಸ್ ಬೋರ್ಡಿಗೆ ಬಿತ್ತು. ಅಂದು ಬಾಪ್ಪು ಕೇಳದೆ ಇದ್ದಿದ್ದರೆ ‘ಫಾದರ್ ದುಡ್ಡು ತಿಂದರು’ ಎಂಬ ಮಾತು ಅಂಗಡಿ ಜಗಲಿಯಲ್ಲಿ ವರ್ಷಗಟ್ಟಲೆ ಓಡಾಡುತ್ತಿತ್ತು. ಆ ಫಾದರಿನ ಮಾನ ಉಳಿಸಿದವರು ಬಾಪ್ಪು. ಅವರನ್ನು ಕೂರಲು ಹೇಳಿದವರಲ್ಲ.

ನಮ್ಮಲ್ಲಿ ಜನ ಸುಮ್ಮನಿರುವುದು ಭಕ್ತಿಯಿಂದ ಎಂದು ನನಗೆ ಅನಿಸುವುದಿಲ್ಲ. ಹೆಚ್ಚಿನವರದು ಹೆದರಿಕೆ. ನಾಳೆ ಮಗಳ ಮದುವೆಗೆ ಪತ್ರ ಬೇಕು, ಮೊಮ್ಮಗುವಿನ ಜ್ಞಾನಸ್ನಾನ ಇದೆ, ಅಪ್ಪನಿಗೆ ವಯಸ್ಸಾಗಿದೆ, ಮಣ್ಣು ಇದೇ ಚರ್ಚಿನಲ್ಲಿ ಆಗಬೇಕು. ಈ ಹೆದರಿಕೆ ನಿಮಗೂ ಇದ್ದರೆ 843ನೇ ವಿಧಿ ತಿಳಿದಿರಲಿ: ಸರಿಯಾದ ಸಮಯದಲ್ಲಿ, ತಕ್ಕ ಸಿದ್ಧತೆಯಿಂದ ಕೇಳುವವರಿಗೆ, ಕಾನೂನಿನ ಅಡ್ಡಿ ಇಲ್ಲದಿದ್ದರೆ, ಸಂಸ್ಕಾರ ನಿರಾಕರಿಸುವ ಹಾಗಿಲ್ಲ. ಲೆಕ್ಕ ಕೇಳಿದ್ದು ಕಾನೂನಿನ ಅಡ್ಡಿ ಅಲ್ಲ. ಇನ್ನು ಕೆಲವರದು ‘ಹೇಗೂ ಮುಂದಿನ ವರ್ಗಾವಣೆಯಲ್ಲಿ ಹೋಗ್ತಾರಲ್ಲ’ ಎಂಬ ಸಮಾಧಾನ. ಫಾದರ್ ಹೋಗುತ್ತಾರೆ ಮಾರಾಯ್ರೇ, ಲೆಕ್ಕ ಇಲ್ಲದ ಅಭ್ಯಾಸ ಚರ್ಚಿನಲ್ಲೇ ಉಳಿಯುತ್ತದೆ.

ನಮ್ಮ ಹಿರಿಯರು ಹೀಗೆ ಹೆದರಿ ಕೂತವರಲ್ಲ. ಮಂಗಳೂರು ಪ್ರಾಂತ್ಯ ಕಾರ್ಮೆಲ್ ಸಭೆಯ ಪಾದ್ರಿಗಳ ಆಡಳಿತದಲ್ಲಿದ್ದಾಗ ಮಕ್ಕಳ ಉನ್ನತ ವಿದ್ಯೆಗೆ ಇಲ್ಲೊಂದು ಕಾಲೇಜು ಬೇಕು, ಯೇಸುಸಭೆಯವರನ್ನು (ಜೆಸ್ಯೂಟ್ ಪಾದ್ರಿಗಳನ್ನು) ಕಳಿಸಿ ಎಂದು ಇಲ್ಲಿನ ಕಥೋಲಿಕರು ನೇರ ರೋಮಿಗೆ ಮನವಿ ಬರೆದರು. ಯೇಸುಸಭೆಯವರು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಇವತ್ತೂ ನಮ್ಮ ಮಕ್ಕಳು ಗಡಿಯ ತಲಪಾಡಿ ದಾಟಿ ಅಲ್ಲಿ ಓದುವುದು ಆ ಮನವಿ ಬರೆದವರ ಉಪಕಾರದಿಂದ. ಅವರನ್ನು ಅವಿಧೇಯರು ಎಂದು ಕರೆಯಲು ನನಗಂತೂ ಬಾಯಿ ಬರುವುದಿಲ್ಲ.

ಆದರೆ ಎಲ್ಲ ಟೀಕೆಯೂ ಒಂದೇ ಅಲ್ಲ. ನಮ್ಮ ಜಿಲ್ಲೆಯ ಮಲೆಕಡೆ, ವೆಳ್ಳರಿಕುಂಡು, ಚಿಟ್ಟಾರಿಕ್ಕಾಲ್ ಸುತ್ತ ಸಿರೋ ಮಲಬಾರ್ ಸಭೆಯ ಮಲಯಾಳಿ ಬಂಧುಗಳಿದ್ದಾರೆ, ಕಥೋಲಿಕರೇ, ಪೂಜಾಕ್ರಮ ಮಾತ್ರ ಬೇರೆ. ಅವರ ಸಭೆಯಲ್ಲಿ, ಎರ್ನಾಕುಲಂನಲ್ಲಿ, ಬಲಿಪೂಜೆ ಅರ್ಪಿಸುವ ಗುರು ಯಾವ ಹೊತ್ತಿನಲ್ಲಿ ಯಾವ ಕಡೆಗೆ ಮುಖ ಮಾಡಬೇಕು ಎಂಬ ಜಗಳ 2021ರ ಸಿನೊಡ್ (ಬಿಷಪರ ಸಭೆ) ತೀರ್ಮಾನದ ನಂತರ ಬೀದಿಗೆ ಬಂತು. 2022ರ ಕ್ರಿಸ್ಮಸ್ ಹೊತ್ತಿಗೆ ಅಲ್ಲಿನ ಪ್ರಧಾನ ಚರ್ಚಾದ ಬೆಸಿಲಿಕಾದ ಬಲಿಪೀಠದ ಹತ್ತಿರವೇ ನೂಕಾಟ ನಡೆಯಿತು. ಅಲ್ಲಿನ ಜನರಿಗೆ ನೋವಿತ್ತು, ತಮ್ಮನ್ನು ಕೇಳದೆ ತೀರ್ಮಾನಿಸಿದರು ಎಂಬ ಸಿಟ್ಟಿತ್ತು. ಅದನ್ನು ಹೇಳುವ ಹಕ್ಕು ಅವರಿಗಿದೆ. ಬಲಿಪೀಠಕ್ಕೆ ಕೈ ಹಾಕುವ ಹಕ್ಕು ಯಾವ ಪಕ್ಷದವರಿಗೂ ಇಲ್ಲ. ಹಾಗೆಯೇ ವಾಟ್ಸಾಪ್ ಗುಂಪಿನಲ್ಲಿ ಫಾದರ್ ಫೋಟೋ ಹಾಕಿ ಬೇಕಾದ್ದು ಬರೆಯುವುದು, ಹೆಸರಿಲ್ಲದ ಕರಪತ್ರ ಹಂಚುವುದು ನನಗೆ ಒಪ್ಪಿಗೆ ಇಲ್ಲ. ಎದುರು ನಿಂತು ಹೇಳದ ಮಾತಿಗೆ ಎದುರಿನವರು ಉತ್ತರ ಕೊಡುವುದಾದರೂ ಹೇಗೆ?

ಲೆಕ್ಕದ ವಿಷಯದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಕ್ರಮವನ್ನು ಮುಂದೆ ಹೇಳುತ್ತೇನೆ, ಒಂದು ವಿಷಯದಲ್ಲಿ ಮಾತ್ರ ಆ ಕ್ರಮ ಬೇಡ. ಮಕ್ಕಳ ಮೇಲೆ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ಮೊದಲು ಪೊಲೀಸ್. 2012ರ ಪೋಕ್ಸೋ ಕಾಯ್ದೆಯಲ್ಲಿ ಗೊತ್ತಿದ್ದವರು ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಸಭೆಯೊಳಗೂ 2019ರಲ್ಲಿ ಪೋಪ್ ಫ್ರಾನ್ಸಿಸ್ ತಂದ ನಿಯಮದ ಪ್ರಕಾರ ದೂರು ಕೊಟ್ಟವರ ಮೇಲೆ ಮೌನ ಹೇರುವ ಹಾಗಿಲ್ಲ. ‘ಚರ್ಚಿನ ಮರ್ಯಾದೆ’ ಎಂದು ಯಾರು ಅಡ್ಡ ಬಂದರೂ ಕೇಳಬೇಡಿ.

ನಿಮ್ಮ ಸಭಾಭವನದ ವಿಷಯಕ್ಕೆ ಬಂದರೆ, ಮೊದಲು ಫಾದರನ್ನು ಒಬ್ಬರೇ ಹೋಗಿ ಕಾಣಿ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿಕೊಟ್ಟ ದಾರಿ ಅದೇ: ಒಬ್ಬನೇ, ಆಮೇಲೆ ಇಬ್ಬರು ಮೂವರೊಂದಿಗೆ, ಆಮೇಲೆ ಸಭೆಗೆ. ಪೂಜೆ ಮುಗಿದ ಗಡಿಬಿಡಿಯಲ್ಲಿ ಬೇಡ, ವಾರದ ನಡುವೆ ಒಂದು ಸಂಜೆ ಹೋಗಿ. ಫಲ ಸಿಗದಿದ್ದರೆ ನಿಮ್ಮ ಗುರಿಕಾರರನ್ನೂ ಸಮಿತಿಯ ಉಪಾಧ್ಯಕ್ಷರನ್ನೂ ಕರೆದುಕೊಂಡು ಹೋಗಿ, ಆರ್ಥಿಕ ಸಮಿತಿಯ ಸಭೆ ಯಾವಾಗ ಆಯಿತು ಎಂದು ಕೇಳಿ. ಅದೂ ಆಗದಿದ್ದರೆ ಕಾಗದ ಬರೆಯಿರಿ: ಎಷ್ಟು ವಂತಿಗೆ ಕೊಟ್ಟಿದ್ದೀರಿ, ಯಾವ ರಶೀದಿ, ಏನು ಬೇಕು, ಇಷ್ಟೇ. ಬೈಗುಳ ಬೇಡ, ಗಾಳಿಮಾತು ಬೇಡ, 1287ನೇ ವಿಧಿಯ ಹೆಸರು ಬರೆಯಿರಿ. ಕೆಳಗೆ ನಿಮ್ಮ ಹೆಸರು, ವಾಳೆ, ಸಹಿ. ಒಪ್ಪುವ ನಾಲ್ಕು ಮನೆಯವರ ಸಹಿಯೂ ಇದ್ದರೆ ಒಳ್ಳೆಯದು. ಒಂದು ಪ್ರತಿ ಫಾದರ್ ಕೈಗೆ ಕೊಟ್ಟು, ಇನ್ನೊಂದರ ಮೇಲೆ ತಲುಪಿದ ತಾರೀಕು ಬರೆಸಿಕೊಳ್ಳಿ. ತಿಂಗಳಾದರೂ ಉತ್ತರ ಬರದಿದ್ದರೆ ಅದೇ ಪ್ರತಿಯ ಜೊತೆ ನಿಮ್ಮ ಬಿಷಪರಿಗೆ ಬರೆಯಿರಿ. ನೀವು ನಮ್ಮ ಪ್ರಾಂತ್ಯದವರಾದರೆ ಮಂಗಳೂರು ಕೊಡಿಯಾಲ್‌ಬೈಲಿನ ಬಿಷಪ್ ಹೌಸಿಗೆ, ಸ್ಪೀಡ್ ಪೋಸ್ಟಿನಲ್ಲಿ. ಅಷ್ಟರವರೆಗೆ ಪೂಜೆಗೆ ಹೋಗುವುದನ್ನು ನಿಲ್ಲಿಸಬೇಡಿ, ವಾಳೆಯ ಪ್ರಾರ್ಥನೆಯನ್ನೂ ತಪ್ಪಿಸಬೇಡಿ.