ಸೋಮವಾರದ ಮೊದಲ ತಾಸು

ಓದುಗರ ಪತ್ರ: “ಸಂಪಾದಕರಿಗೆ ನಮಸ್ಕಾರ್ರಿ. ನಾನು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯವ. ಹತ್ತನೇ ಇಯತ್ತೆ ತನಕ ಕನ್ನಡ ಮಾಧ್ಯಮ. ಈಗ ಬೆಳಗಾವಿಯೊಳಗ ಬಿ.ಇ. ಮೊದಲನೇ ಸೆಮಿಸ್ಟರ್, ಬಂದು ಆರು ವಾರ ಆತು. ಕ್ಲಾಸಿನ್ಯಾಗ ಎಲ್ಲಾ ಇಂಗ್ಲಿಷ್, ತಲಿಗೆ ಏನೂ ಹತ್ತವಲ್ದು. ಮೊದಲ ಟೆಸ್ಟಿನ್ಯಾಗ ಗಣಿತಕ್ಕ 25ಕ್ಕ 6 ಬಂದಾವು, ಫಿಜಿಕ್ಸಿಗೆ 15. ಖಾನಾವಳಿ ಊಟ ಸೇರೂದಿಲ್ಲ. ಶನಿವಾರ ಕ್ಲಾಸ್ ಮುಗದ ಕೂಡಲೆ ಊರಿಗೆ ಹೋಗಿ ಸೋಮವಾರ ನಸುಕಿನ ಬಸ್ಸಿಗೆ ಬರತೀನಿ. ಇಲ್ಲೀತನಕ ಐದು ಸಲ ಹೋಗೀನಿ. ಗಣಿತದ್ದು ಮೊದಲ ತಾಸು ಒಂದ ತಪ್ಪತದ, ಉಳದದ್ದು ಸಿಗತದ. ಇದನ್ನ ಬಿಟ್ಟು ಊರ ಹತ್ರ ಬಿ.ಎಸ್ಸಿ. ಸೇರಲೇನ್ರಿ? ಅಪ್ಪಗ ಇನ್ನೂ ಹೇಳಿಲ್ಲ. ಹೆಸರು ಹಾಕಬ್ಯಾಡ್ರಿ.”

ಸಂಪಾದಕರ ಉತ್ತರ:

ತಮ್ಮಾ, ಪತ್ರದ ತುಂಬ ನೀನು ಇಂಗ್ಲಿಷನ್ನೇ ದೂರಿದ್ದೀಯ. ಆದರೆ ನೀನೇ ಬರೆದ ಅಂಕಗಳು ಬೇರೆ ಮಾತು ಹೇಳುತ್ತಿವೆ. ಇಂಗ್ಲಿಷೇ ಮೂಲವಾಗಿದ್ದರೆ ಮೊದಲ ಪೆಟ್ಟು ಬೀಳಬೇಕಾದದ್ದು ಫಿಜಿಕ್ಸಿಗೆ. ಅಲ್ಲಿ ವ್ಯಾಖ್ಯೆ, ವಿವರಣೆ, ಉದ್ದುದ್ದ ವಾಕ್ಯ ಎಲ್ಲವೂ ಇವೆ. ಗಣಿತದ ಪುಟದಲ್ಲಿ ಇಂಗ್ಲಿಷ್ ಎಷ್ಟಿರುತ್ತದೆ? ಲೆಟ್, ಹೆನ್ಸ್, ಶೋ ದ್ಯಾಟ್, ವಿತ್ ರಿಸ್ಪೆಕ್ಟ್ ಟು. ಉಳಿದದ್ದು ಚಿಹ್ನೆ. ಹಾಗಿದ್ದೂ ಫಿಜಿಕ್ಸಿಗೆ 15, ಗಣಿತಕ್ಕೆ 6. ‘ಒಂದ ತಪ್ಪತದ’ ಎಂದು ಹಗುರಾಗಿ ಬರೆದು ಮುಂದೆ ಹೋಗಿದ್ದೀಯಲ್ಲ, ಆ ಸೋಮವಾರದ ತಾಸಿನಲ್ಲೇ ಕಾರಣ ಇದೆ.

ಒಂದು ವಿಷಯಕ್ಕೆ ಸೆಮಿಸ್ಟರಿಗೆ ಸುಮಾರು 40 ತಾಸು ಪಾಠ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಹಾಜರಾತಿಯನ್ನು ಎಲ್ಲ ವಿಷಯ ಒಟ್ಟುಗೂಡಿಸಿ ನೋಡುವುದಿಲ್ಲ. ಒಂದೊಂದು ವಿಷಯಕ್ಕೂ ಶೇ. 85 ಬೇಕು. 40ಕ್ಕೆ 34 ಆಯಿತು, ತಪ್ಪಿಸಬಹುದಾದದ್ದು ಆರು. ಐದನ್ನು ನೀನು ಆಗಲೇ ಮುಗಿಸಿದ್ದೀಯ. ಉಳಿದದ್ದು ಒಂದೇ ತಾಸು, ಸೆಮಿಸ್ಟರ್ ಇನ್ನೂ ಅರ್ಧಕ್ಕಿಂತ ಹೆಚ್ಚಿದೆ. ನಾಳೆ ಜ್ವರ ಬಂದು ಎರಡು ದಿನ ಮಲಗಿದರೆ ಲೆಕ್ಕ ಅಲ್ಲಿಗೇ ಹರಿಯಿತು. ಶೇ. 75ರ ತನಕ ರಿಯಾಯಿತಿ ಉಂಟು, ಆದರೆ ಅದು ಕಾಯಿಲೆಯಂಥ ಕಾರಣಕ್ಕೆ, ಕಾಗದ ಪತ್ರ ಇಟ್ಟು, ಪ್ರಾಂಶುಪಾಲರ ಶಿಫಾರಸಿನಿಂದ ಸಿಗುವಂಥದ್ದು. ಊರಿಗೆ ಹೋಗಿದ್ದೆ ಎಂದರೆ ಯಾರೂ ಕೊಡುವುದಿಲ್ಲ.

ಹಾಜರಿಗಿಂತ ದೊಡ್ಡ ನಷ್ಟ ಬೇರೆ ಇದೆ. ವೇಳಾಪಟ್ಟಿ ಪ್ರತಿ ವಾರವೂ ಅದೇ ಆದ್ದರಿಂದ ನೀನು ಪ್ರತಿ ಸಲವೂ ಒಂದೇ ವಿಷಯವನ್ನು ಕಳೆದುಕೊಳ್ಳುತ್ತೀಯ. ಹೊಸ ಸೂತ್ರ ಹುಟ್ಟುವುದು ಹೆಚ್ಚಾಗಿ ವಾರದ ಮೊದಲ ಪಾಠದಲ್ಲಿ. ಉಳಿದ ದಿನ ಅದರ ಮೇಲೆ ಲೆಕ್ಕ ಮಾಡಿಸುತ್ತಾರೆ. ಸೂತ್ರ ಎಲ್ಲಿಂದ ಬಂತೆಂದು ನೋಡದವನಿಗೆ ಮಂಗಳವಾರದ ಬೋರ್ಡು ಬರೀ ಅಕ್ಷರ. ಆಗ ‘ಇಂಗ್ಲಿಷ್ ತಿಳಿಯುತ್ತಿಲ್ಲ’ ಅನ್ನಿಸುವುದು ಸಹಜ.

ಅಂಕದ ಲೆಕ್ಕವನ್ನೂ ಒಮ್ಮೆ ಕೂತು ಬರೆದುಕೋ. ವಿಟಿಯುದ 2022ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯ–ಪರೀಕ್ಷಾ ಕ್ರಮದಲ್ಲಿ, ಟೆಸ್ಟು, ಅಸೈನ್‌ಮೆಂಟುಗಳ ಒಳ ಅಂಕ 50, ಸೆಮಿಸ್ಟರ್ ಪರೀಕ್ಷೆಗೆ 50. ಒಳ ಅಂಕದಲ್ಲಿ 20 ಮುಟ್ಟದಿದ್ದರೆ ಆ ವಿಷಯದ ಪರೀಕ್ಷೆಗೇ ಕೂರಿಸುವುದಿಲ್ಲ. ಪರೀಕ್ಷೆಯಲ್ಲಿ 18 ಬರಲೇಬೇಕು, ಎರಡೂ ಸೇರಿ 40 ಆಗಬೇಕು. ನಿನ್ನ ಬ್ಯಾಚಿಗೆ ಯಾವ ಸ್ಕೀಮ್ ಎಂಬುದು ಸಿಲಬಸ್ಸಿನ ಮೊದಲ ಪುಟದಲ್ಲಿರುತ್ತದೆ, ಪ್ರಿಂಟು ತೆಗೆಸಿ ಗೋಡೆಗೆ ಅಂಟಿಸು. ಒಂದು ಟೆಸ್ಟಿನಲ್ಲಿ 6 ಬಂದದ್ದು ಮುಂದಿನ ಟೆಸ್ಟು, ಅಸೈನ್‌ಮೆಂಟುಗಳಿಂದ ತುಂಬಬಹುದಾದ ಗುಂಡಿ. ಅಸೈನ್‌ಮೆಂಟನ್ನು ತಡವಾಗಿ ಕೊಡುವುದರಷ್ಟು ದಡ್ಡತನದ ನಷ್ಟ ಇನ್ನೊಂದಿಲ್ಲ, ಅದು ಕೈಗೆ ಬಂದ ಅಂಕ.

ಗಣಿತಕ್ಕೆ ಮೊದಲ ಹತ್ತು ದಿನ ಹೊಸದೇನೂ ಓದಬೇಡ. ಪಿಯು ಎರಡನೇ ವರ್ಷದ ಪುಸ್ತಕದಿಂದ ಡಿಫರೆನ್ಸಿಯೇಶನ್, ಇಂಟಿಗ್ರೇಶನ್ ಸೂತ್ರ ಇಪ್ಪತ್ತೈದು–ಮೂವತ್ತು ಆರಿಸಿ ಒಂದು ಹಾಳೆಗೆ ಇಳಿಸು. ಬೆಳಿಗ್ಗೆ ಎದ್ದು ನೋಡದೆ ಬರಿ, ತಪ್ಪಿದ್ದಕ್ಕೆ ಗೆರೆ ಹಾಕು, ಮರುದಿನ ಅವನ್ನೇ ಮೊದಲು ಬರಿ. ಕಾಲೇಜಿನಲ್ಲಿ ಈ ಸೂತ್ರಗಳು ಬರುತ್ತವೆಂದು ನಂಬಿಯೇ ಪಾಠ ಓಡುತ್ತದೆ. ಪಾರ್ಶಿಯಲ್ ಡಿಫರೆನ್ಸಿಯೇಶನ್ ಹೊಸ ಹೆಸರಾದರೂ ಕೆಲಸ ಹಳೆಯದೇ: ಒಂದು ಚರಾಕ್ಷರ ಬಿಟ್ಟು ಉಳಿದದ್ದನ್ನು ಸ್ಥಿರಾಂಕ ಅಂದುಕೊಂಡರೆ ಆಯಿತು. ಮ್ಯಾಟ್ರಿಕ್ಸಿನ ರ್‍ಯಾಂಕ್ ಲೆಕ್ಕದಲ್ಲಿ ಹುಡುಗರು ಸೋಲುವುದು ತಿಳಿಯದೆ ಅಲ್ಲ, ನಡುವೆ ಭಿನ್ನರಾಶಿ ತಂದುಕೊಂಡು. ಸಾಲುಗಳನ್ನು ಪೂರ್ಣಾಂಕದಿಂದ ಗುಣಿಸಿ ಕಳೆಯುತ್ತ ಹೋದರೆ ಭಿನ್ನರಾಶಿ ಬರುವುದೇ ಇಲ್ಲ.

ಇನ್ನು ಇಂಗ್ಲಿಷ್. ತೊಂದರೆ ಇಲ್ಲವೆಂದು ನಾವು ಹೇಳುವುದಿಲ್ಲ, ನೀನು ಅಂದುಕೊಂಡಷ್ಟು ಇಲ್ಲ ಅಷ್ಟೇ. ವೇಗೋತ್ಕರ್ಷ ಎಂದು ಓದಿದ್ದೇ ಆಕ್ಸಿಲರೇಶನ್, ಸಂವೇಗವೇ ಮೊಮೆಂಟಮ್, ವಿಭವಾಂತರವೇ ಪೊಟೆನ್ಶಿಯಲ್ ಡಿಫರೆನ್ಸ್. ವಿಷಯ ನಿನ್ನ ತಲೆಯಲ್ಲಿದೆ, ಹೆಸರು ಬದಲಾಗಿದೆ. 200 ಪುಟದ ಉದ್ದ ನೋಟುಬುಕ್ಕು ತಗೊಂಡು ಬಲಪುಟದಲ್ಲಿ ಬೋರ್ಡಿನದ್ದು ಬರಿ, ಎಡಪುಟ ಖಾಲಿ ಬಿಡು. ಹಿಂದಿನ ರಾತ್ರಿ ಮರುದಿನದ ಪಾಠವನ್ನು ಪುಸ್ತಕದಲ್ಲಿ ಇಪ್ಪತ್ತು ನಿಮಿಷ ಓದು. ತಿಳಿಯದಿದ್ದರೂ ಓದು, ಮರುದಿನ ಆ ಶಬ್ದ ಕಿವಿಗೆ ಬಿದ್ದಾಗ ಗುರುತು ಹತ್ತಿದರೆ ಸಾಕು. ಅದೇ ಸಂಜೆ ಎಡಪುಟಕ್ಕೆ ಹೊಸ ಶಬ್ದ, ಅದರ ಪಕ್ಕ ಕನ್ನಡದಲ್ಲಿ ಒಂದು ಸಾಲು. ದಿನಕ್ಕೆ ಎಂಟು–ಹತ್ತಕ್ಕಿಂತ ಹೆಚ್ಚು ಶಬ್ದ ಬರುವುದಿಲ್ಲ, ಒಂದೇ ತಿಂಗಳಲ್ಲಿ ಸಂಖ್ಯೆ ಇಳಿಯುತ್ತದೆ.

ಇಡೀ ನೋಟ್ಸನ್ನು ಕನ್ನಡಕ್ಕೆ ಅನುವಾದ ಮಾಡಲು ಕೂರಬೇಡ. ಅದು ಎರಡು ಪಟ್ಟು ಕೆಲಸ, ಕ್ಲಾಸಿನ ಪಾಠ ನಡೆಯುವುದು ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ವಿಚಾರ ಮಾಡು, ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ ಬರಿ. ಬೋರ್ಡಿನ ಫೋಟೊ ಮೊಬೈಲಿನಲ್ಲಿ ತೆಗೆದಿಡುವ ಚಟವೂ ಬೇಡ, ಆ ಫೋಟೊಗಳನ್ನು ಮತ್ತೆ ತೆರೆಯುವವರು ಬಹಳ ಕಡಿಮೆ. ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಇ-ಕುಂಭ್ ಪೋರ್ಟಲ್‌ನಲ್ಲಿ ಮೊದಲ ವರ್ಷದ ತಾಂತ್ರಿಕ ಪುಸ್ತಕಗಳು ಕನ್ನಡದಲ್ಲೂ ಪುಕ್ಕಟೆ ಸಿಗುತ್ತವೆ. ಅವು ವಿಟಿಯು ಸಿಲಬಸ್ಸಿಗೆ ಸಾಲು ಸಾಲಾಗಿ ಹೊಂದುವುದಿಲ್ಲ, ತಲೆಬರಹ ಹೊಂದಿಸಿಕೊಂಡು ತಿಳಿಯದ ಭಾಗವನ್ನಷ್ಟೇ ಅಲ್ಲಿ ಓದು.

2022ರ ಸ್ಕೀಮಿನ ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆ 100 ಅಂಕದ್ದು, ಮೂರು ತಾಸು. ಬಂದ ಅಂಕವನ್ನು ಅರ್ಧ ಮಾಡಿ 50ಕ್ಕೆ ಇಳಿಸುತ್ತಾರೆ. ಐದು ಮಾಡ್ಯೂಲ್ (ಪಾಠದ ಭಾಗ), ಒಂದೊಂದರಲ್ಲಿ ಎರಡು ಪ್ರಶ್ನೆ, ಒಂದಕ್ಕೆ ಉತ್ತರ, 20 ಅಂಕ. ಒಂದಕ್ಕೆ 34 ನಿಮಿಷ ಹಾಕಿಕೊಂಡರೆ ಕೊನೆಗೆ ಹತ್ತು ನಿಮಿಷ ಉಳಿಯುತ್ತದೆ. ‘ನೀಟ್ ಸ್ಕೆಚ್’ ಎಂದಿದ್ದರೆ ಚಿತ್ರಕ್ಕೂ ಅಂಕ ಇರುತ್ತದೆ, ಪೆನ್ಸಿಲ್ಲಿನಲ್ಲಿ ಬರೆದು ಭಾಗಗಳ ಹೆಸರು ಹಾಕು. ಲ್ಯಾಬಿನಲ್ಲಿ ನಾಲ್ವರ ಗುಂಪಿದ್ದರೆ ಕೀಬೋರ್ಡಿನ ಮುಂದೆ ಯಾವಾಗಲೂ ಶಹರದ ಒಬ್ಬ ಹುಡುಗನೇ ಕೂರುತ್ತಾನೆ, ಉಳಿದವರು ನೋಡುತ್ತಾರೆ. ವಾರಕ್ಕೊಮ್ಮೆಯಾದರೂ ನೀನು ಕೂರು. ತಪ್ಪು ಒತ್ತಿದರೆ ಎರರ್ ಬರುತ್ತದೆ, ಮತ್ತೇನೂ ಆಗುವುದಿಲ್ಲ.

ಊಟದ ಮಾತು ಚಿಕ್ಕದೆಂದು ನಾವು ತಿಳಿಯುವುದಿಲ್ಲ. ನೀನು ಪ್ರತಿ ವಾರ ಬಸ್ ಹತ್ತುವುದಕ್ಕೆ ಅರ್ಧ ಕಾರಣ ಅದೇ ಎಂಬ ಗುಮಾನಿ ನಮಗಿದೆ. ಬೆಳಗಾವಿಯ ಕೆಲವು ಖಾನಾವಳಿಗಳಲ್ಲಿ ಬೇಳೆಗೆ ಬೆಲ್ಲ ಬೀಳುತ್ತದೆ, ವಿಜಯಪುರ ಸೀಮೆಯ ನಾಲಿಗೆಗೆ ಅದು ಒಗ್ಗುವುದು ತಡ. ತಿಂಗಳ ಮುಂಗಡ ಕೊಟ್ಟು ಕಟ್ಟಿಬೀಳದೆ ಹದಿನೈದು ದಿನದ ಲೆಕ್ಕದಲ್ಲಿ ಎರಡು ಕಡೆ ಉಂಡು ನೋಡು, ರೊಟ್ಟಿ ಬಡಿಯುವ ಖಾನಾವಳಿ ಸಿಗುತ್ತದೆ. ಅವ್ವನಿಂದ ನಲವತ್ತು ಕಡಕ್ ರೊಟ್ಟಿ, ಅರ್ಧ ಕಿಲೋ ಶೇಂಗಾ ಹಿಂಡಿ ಕಟ್ಟಿಸಿಕೋ. ರಾತ್ರಿಗೆ ಎರಡರಂತೆ ಮೂರು ವಾರ ಸಾಗುತ್ತದೆ. ನಿಮ್ಮ ಕಡೆ ಬುಟ್ಟಿಯಲ್ಲಿ ತೆರೆದಿಟ್ಟರೂ ಗರಿಗರಿ ಇರುವ ರೊಟ್ಟಿ ಇಲ್ಲಿಯ ಹಸಿ ಗಾಳಿಗೆ ಮೆತ್ತಗಾಗುತ್ತದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು. ಹಿಂಡಿಗೆ ಹಸಿ ಚಮಚ ಹಾಕಿದರೆ ಬೂಜು ಬರುತ್ತದೆ. ನಾಷ್ಟಾ ಬಿಟ್ಟು ಕ್ಲಾಸಿಗೆ ಹೋದರೆ ಹನ್ನೊಂದಕ್ಕೆ ತೂಕಡಿಕೆ, ಅದನ್ನೂ ಇಂಗ್ಲಿಷಿನ ಲೆಕ್ಕಕ್ಕೆ ಬರೆಯಬೇಡ.

ಊರಿಗೆ ಹೋಗಬೇಡ ಎನ್ನುವುದಿಲ್ಲ, ಮೂರು ವಾರಕ್ಕೊಮ್ಮೆ ಹೋಗು. ಡಬ್ಬಿ ಖಾಲಿಯಾಗುವ ಹೊತ್ತಿಗೇ ಅದು ಕೂಡಿಬರುತ್ತದೆ. ಉಳಿದ ಶನಿವಾರ ಬಟ್ಟೆ ಒಗೆದು ಹಾಕಿ ಸಂಜೆ ಪ್ಯಾಟಿ ತಿರುಗು. ರವಿವಾರ ಬೆಳಿಗ್ಗೆ ಮೂರು ತಾಸು ಆ ವಾರದ ಗಣಿತ. ಮೊದಲ ರವಿವಾರ ಕೆಟ್ಟದಾಗಿರುತ್ತದೆ, ಎರಡನೆಯದೂ ಅಷ್ಟೇ. ರಾತ್ರಿ ನಿದ್ದೆ ಹತ್ತದೆ ಮನಸ್ಸು ಕುಗ್ಗಿಯೇ ಇದ್ದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು.

ನೀನು ಕೇಳದಿದ್ದರೂ ಇನ್ನೊಂದು ಮಾತು. ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನದ ಅರ್ಜಿ ಹಾಕಿದ ಮೇಲೆ ಬೆಳಗಾವಿಯಲ್ಲಿ ಹೊಸ ಬ್ಯಾಂಕ್ ಖಾತೆ ತೆಗೆದು ಅದಕ್ಕೆ ಆಧಾರ್ ಜೋಡಿಸಿದರೆ ಹಣ ಆ ಹೊಸ ಖಾತೆಗೆ ಹೋಗುತ್ತದೆ. ಎಷ್ಟೋ ಹುಡುಗರು ಊರಿನ ಖಾತೆ ನೋಡುತ್ತ ‘ಬಂದಿಲ್ಲ’ ಎಂದು ಅಲೆಯುತ್ತಾರೆ. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಮೊದಲು ನೋಡಿಕೋ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೂ ಆಧಾರಿನ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ.

ಬಿಟ್ಟು ಹೋಗುವ ಪ್ರಶ್ನೆಗೆ ಬರೋಣ. ಬಿ.ಎಸ್ಸಿ. ಕೀಳೇನಲ್ಲ. ಆದರೆ ಅಲ್ಲಿಯೂ ಗಣಿತ ಇದೆ, ಪುಸ್ತಕ ಅಲ್ಲಿಯೂ ಹೆಚ್ಚಾಗಿ ಇಂಗ್ಲಿಷಿನದೇ. ಯಾವುದರಿಂದ ಓಡಬೇಕೆಂದಿದ್ದೀಯೋ ಅದು ಅಲ್ಲಿಯೂ ಕಾದಿರುತ್ತದೆ. ಈ ಸೆಮಿಸ್ಟರಿನಲ್ಲಿ ಒಂದು ವಿಷಯ ಹೋದರೂ ಅದನ್ನು ಮತ್ತೆ ಬರೆಯಬಹುದು. ನಡುವೆ ಎದ್ದು ಹೋದರೆ ವರ್ಷವೂ ಹೋಗುತ್ತದೆ, ಕಟ್ಟಿದ ಫೀಯೂ ಹೋಗುತ್ತದೆ. ಸೋಮವಾರದ ತಾಸು ಒಂದೂ ತಪ್ಪಿಸದೆ ಎರಡನೇ ಟೆಸ್ಟು ಬರಿ. ಆಗಲೂ ಗಣಿತ ಅಲ್ಲೇ ನಿಂತಿದ್ದರೆ, ಮೇಲಾಗಿ ಈ ಓದೇ ಬೇಡವೆನ್ನಿಸಿದರೆ, ಮತ್ತೆ ಬರಿ. ಆಗ ನಮ್ಮ ಉತ್ತರ ಬೇರೆ ಇರಬಹುದು.

ಈ ವಾರ ಊರಿಗೆ ಹೊರಟಿದ್ದರೆ ಹೋಗಿ ಬಾ. ಅಂಕದ ವಿಷಯ ಅಪ್ಪನಿಗೆ ಅಲ್ಲೇ ಎದುರು ಕೂತು ಹೇಳು, ಫೋನಿನಲ್ಲಿ ಬೇಡ. ಮರಳುವಾಗ ಮಾತ್ರ ರವಿವಾರ ಮಧ್ಯಾಹ್ನದ ಬಸ್ಸಿಗೆ ಹತ್ತು.