ಥಾಣೆಯ ಯಹೂದಿ ಮನೆಯಲ್ಲಿ ಮಲೀದಾ

ಮುಂಬೈ ಕಡೆ ಇನ್ನೂ ಯಹೂದಿಗಳು ಇದ್ದಾರಾ, ಅವರ ಹಬ್ಬ-ಹರಿದಿನ, ಸಮಾಜದ ಕೆಲಸ ಹೇಗಿರುತ್ತೆ, ಹೊರಗಿನವರು ಹೋಗಿ ನೋಡಬಹುದಾ ಅಂತ ಕೇಳಿದ್ದೀರಿ.

ಇದ್ದಾರೆ. ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಥಾಣೆಗೆ ಬಂದು ಇಪ್ಪತ್ತೆರಡು ವರ್ಷ ಆಯಿತು. ನಮ್ಮ ಎದುರು ಮನೆಯವರು ಬೆನೆ ಇಸ್ರೇಲ್ ಯಹೂದಿಗಳು. ಆ ಮನೆಯ ಅಜ್ಜಿಯನ್ನು ನಾನು ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಅಂತ ಕರೆಯುತ್ತೇನೆ. ಇಲ್ಲಿ ಬರೆಯುವುದರಲ್ಲಿ ಮುಕ್ಕಾಲು ಪಾಲು ಅವರ ಅಡುಗೆಮನೆಯಲ್ಲಿ ಕೂತು ಕಲಿತದ್ದು.

ಮೊದಲು ಒಂದು ಮಾತು. ಮುಂಬೈ ಯಹೂದಿಗಳು ಎಲ್ಲರೂ ಒಂದೇ ಗುಂಪಲ್ಲ. ಬಗ್ದಾದ್ ಕಡೆಯಿಂದ ವ್ಯಾಪಾರಕ್ಕೆ ಬಂದ ಸಸೂನ್ ಮನೆತನದಂಥವರು ಬೇರೆ. ಭಾಯಖಳಾದ ಮಾಗೆನ್ ದಾವೀದ್, ಕಾಲಾ ಘೋಡಾದ ಕ್ನೆಸೆತ್ ಎಲಿಯಾಹು ಅವರು ಕಟ್ಟಿಸಿದ ಪ್ರಾರ್ಥನಾ ಮಂದಿರಗಳು. ಪ್ರವಾಸಿಗರು ನೋಡುವುದು ಹೆಚ್ಚಾಗಿ ಇವನ್ನೇ. ಆದರೆ ಸಂಖ್ಯೆಯಲ್ಲಿ ಜಾಸ್ತಿ ಇರುವವರು ಬೆನೆ ಇಸ್ರೇಲಿಗಳು. ಇವರ ಮನೆಮಾತು ಮರಾಠಿ. ಹಡಗು ಒಡೆದು ಅಲಿಬಾಗ್ ಹತ್ತಿರದ ನವಗಾಂವ್ ದಡಕ್ಕೆ ಏಳು ಗಂಡಸರು, ಏಳು ಹೆಂಗಸರು ಬದುಕಿ ಬಂದರು, ಅವರ ಸಂತಾನವೇ ನಾವು ಅನ್ನುವುದು ಅವರಲ್ಲಿ ತಲೆಮಾರಿನಿಂದ ಬಂದ ಕತೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸಿ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ, ಅವತ್ತು ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಅಂತ ಕರೆದರು. ಅಡ್ಡಹೆಸರುಗಳೂ ಆ ಹಳ್ಳಿಗಳದ್ದೇ: ಪೆಣ್‌ನವರು ಪೆಣಕರ್, ಕಿಹಿಮ್‌ನವರು ಕೆಹಿಮ್ಕರ್.

ನಾನು ಕರ್ನಾಟಕದವಳು ಅಂತ ಗೊತ್ತಾದ ದಿನ ಮಾವಶಿ ಹೇಳಿದ್ದು ಟಿಪ್ಪುವಿನ ಕತೆ. ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್ ಅನ್ನುವವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದರು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕರು. ನೀವು ಯಾರು ಅಂತ ಕೇಳಿದಾಗ 'ಬೆನೆ ಇಸ್ರೇಲ್' ಅಂದರಂತೆ. ಆ ಹೆಸರು ಕುರಾನಿನಲ್ಲಿ ಇದೆ, ಇವರನ್ನು ಕೊಲ್ಲಬೇಡ ಅಂತ ಟಿಪ್ಪುವಿನ ತಾಯಿ ಹೇಳಿದರಂತೆ. ಜೀವಂತ ಊರಿಗೆ ಮರಳಿದರೆ ಮಂದಿರ ಕಟ್ಟಿಸುತ್ತೇನೆ ಅಂತ ದಿವೇಕರ್ ಹರಕೆ ಹೊತ್ತಿದ್ದರು. 1796ರಲ್ಲಿ ಮುಂಬೈಯ ಮಾಂಡವಿಯಲ್ಲಿ ಕಟ್ಟಿಸಿದರು. ಶಾರ್ ಹರಹಮೀಮ್, ಅಂದರೆ 'ಕರುಣೆಯ ಬಾಗಿಲು'. ಊರವರು ಅದನ್ನು ಜೂನಿ ಮಸೀದಿ (ಹಳೆಯ ಮಸೀದಿ) ಅನ್ನುತ್ತಿದ್ದರು. ಮಸ್ಜಿದ್ ಬಂದರ್ ಸ್ಟೇಶನ್ನಿಗೆ ಆ ಹೆಸರು ಬಂದದ್ದು ಇದರಿಂದಲೇ ಅಂತ ಇಲ್ಲಿನವರ ನಂಬಿಕೆ. ತಾಯಿ ಹೇಳಿದ ಮಾತು ಎಷ್ಟು ಚರಿತ್ರೆ, ಎಷ್ಟು ಕತೆ ಅನ್ನುವುದು ನನಗೆ ಮುಖ್ಯ ಅನಿಸಲಿಲ್ಲ. ನಮ್ಮ ಶ್ರೀರಂಗಪಟ್ಟಣದ ಹೆಸರನ್ನು ಥಾಣೆಯ ಒಬ್ಬ ಯಹೂದಿ ಅಜ್ಜಿ ಕೃತಜ್ಞತೆಯಿಂದ ಹೇಳಿದ್ದು ಕೇಳಿ ಕಣ್ಣು ತುಂಬಿತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇವರ ಧರ್ಮ, ಊಟ, ಬಂಧು-ಬಳಗ ಎಲ್ಲ ಒಂದೇ ಕಡೆ ಕಾಣಬೇಕು ಅಂದರೆ ಮಲೀದಾ ನೋಡಬೇಕು. ಅದು ಕೃತಜ್ಞತೆಯ ಪ್ರಾರ್ಥನೆಯ ಹೆಸರೂ ಹೌದು, ಅವತ್ತು ಹಂಚುವ ಸಿಹಿಯ ಹೆಸರೂ ಹೌದು. ಬೇರೆ ದೇಶದ ಯಹೂದಿಗಳಲ್ಲಿ ಇದು ಇಲ್ಲ. ಮಾವಶಿ ಮೊದಲ ಸಲ ಮಲೀದಾಕ್ಕೆ ಬಾ ಅಂದಾಗ ನಾನು ನಮ್ಮ ಕಡೆಯ ಗೋಧಿಯ ಸಿಹಿ ಮಾದಲಿ ಅಂದುಕೊಂಡಿದ್ದೆ. ಇದು ಅವಲಕ್ಕಿಯದ್ದು. ಅವಲಕ್ಕಿ ತೊಳೆದು ನೆನೆಸಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಬಾದಾಮಿ-ಪಿಸ್ತಾ ಬೆರೆಸಿ ದೊಡ್ಡ ತಟ್ಟೆಯಲ್ಲಿ ಗುಡ್ಡೆ ಹಾಕುತ್ತಾರೆ. ಮೇಲೆ ಐದು ಬಗೆ ಹಣ್ಣು. ಖರ್ಜೂರ ಬೇಕೇ ಬೇಕು. ಜೊತೆಗೆ ಗುಲಾಬಿ ಹೂವು. ಹರಕೆ ತೀರಿದಾಗ, ಮದುವೆಯ ಮುಂಚೆ, ಹೊಸ ಮನೆಗೆ ಹೋಗುವಾಗ, ಮಕ್ಕಳಿಗೆ ಕೆಲಸ ಸಿಕ್ಕಾಗ ಮಾಡುತ್ತಾರೆ. ಅವತ್ತು ಮಾವಶಿಯ ಕಣ್ಣಿನ ಆಪರೇಶನ್ ಸರಿಹೋಗಿತ್ತು.

ಪ್ರಾರ್ಥನೆ ಹೀಬ್ರೂ ಭಾಷೆಯಲ್ಲಿ. ಪ್ರವಾದಿ ಎಲಿಯಾಹು ಹನಬಿಯನ್ನು ನೆನೆಯುತ್ತಾರೆ. ಕಷ್ಟದಲ್ಲಿ ಕೂಗಿದರೆ ಬರುವವನು ಅವನು ಅಂತ ಇವರ ನಂಬಿಕೆ. ಬೆಂಕಿಯ ರಥದಲ್ಲಿ ಅವನು ಸ್ವರ್ಗಕ್ಕೆ ಏರುವ ಚಿತ್ರ ಎಷ್ಟೋ ಮನೆಗಳ ಗೋಡೆಯ ಮೇಲೆ ಇದೆ. ಅಲಿಬಾಗ್ ಹತ್ತಿರ ಖಂಡಾಳೆ ಎಂಬ ಹಳ್ಳಿಯಲ್ಲಿ (ಲೋಣಾವಳದ ಪಕ್ಕದ ಖಂಡಾಲ ಅಲ್ಲ) ಒಂದು ಬಂಡೆ ಇದೆ. ಅದರ ಮೇಲಿನ ಗೆರೆ ಆ ರಥದ ಚಕ್ರದ ಗುರುತು ಅಂತ ನಂಬಿ ಅಲ್ಲಿಗೆ ಹೋಗಿ ಮಲೀದಾ ಮಾಡುತ್ತಾರೆ.

ಅವತ್ತು ನಡುಮನೆಯಲ್ಲಿ ಒಂಬತ್ತು ಗಂಡಸರು ಕೂತಿದ್ದರು. ಕೆಲವು ಪ್ರಾರ್ಥನೆಗಳಿಗೆ ಹದಿಮೂರು ದಾಟಿದ ಹತ್ತು ಮಂದಿ ಗಂಡಸರು ಬೇಕು. ಮಾವಶಿಯ ಮಗ ಒಂದೇ ಸಮನೆ ಫೋನು ಮಾಡುತ್ತಿದ್ದ. ಮುಕ್ಕಾಲು ಗಂಟೆ ಕಾದ ಮೇಲೆ ಆಫೀಸ್ ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು ಒಬ್ಬ ಹುಡುಗ ಕಲ್ಯಾಣ್ ಕಡೆಯಿಂದ ಲೋಕಲ್ ಹಿಡಿದು ಬಂದ. ಒಳಗೆ ಬಂದವನೇ ಜೇಬಿನಿಂದ ಟೊಪ್ಪಿಗೆ ತೆಗೆದು ತಲೆಗೆ ಇಟ್ಟುಕೊಂಡ. ಎಲ್ಲರೂ ಎದ್ದು ನಿಂತರು. ಇಷ್ಟು ಚಿಕ್ಕ ಸಮಾಜದಲ್ಲಿ ಒಬ್ಬೊಬ್ಬರೂ ಎಷ್ಟು ಬೇಕು ಅನ್ನುವುದು ನನಗೆ ಅವತ್ತು ತಿಳಿಯಿತು. ಪ್ರಾರ್ಥನೆ ಮುಗಿದ ಮೇಲೆ ಪ್ರತಿಯೊಂದು ಹಣ್ಣಿಗೂ ಆಶೀರ್ವಾದ ಹೇಳಿ, ಎಲ್ಲರಿಗೂ ಹಂಚಿದರು. ನನಗೂ, ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೂ.

ಉಳಿದ ಹಬ್ಬಗಳಲ್ಲಿ ನನಗೆ ಇಷ್ಟ ರೋಶ್ ಹಶಾನಾ, ಅವರ ಹೊಸ ವರ್ಷ. ಗೋಧಿ ನೆನೆಸಿ ರುಬ್ಬಿ, ಅದರ ಹಾಲು ತೆಗೆದು, ತೆಂಗಿನಹಾಲು ಸಕ್ಕರೆ ಹಾಕಿ ಗಂಟೆಗಟ್ಟಲೆ ಕಲಕಿ ಹಲ್ವಾ ಮಾಡುತ್ತಾರೆ. ನಮ್ಮ ಹಾಲುಬಾಯಿಯ ಅಕ್ಕ ಅಂತಲೇ ಹೇಳಬಹುದು. ಅವರ ಅಡುಗೆಯಲ್ಲಿ ತೆಂಗಿನಹಾಲು ಇಷ್ಟೊಂದು ಯಾಕೆ ಅಂದರೆ, ಮಾಂಸದ ಜೊತೆ ಹಾಲು-ಮೊಸರು ಸೇರಿಸುವಂತಿಲ್ಲ. ಸಮುದ್ರದ ದಡದಲ್ಲೇ ಬೆಳೆದರೂ ಸಿಗಡಿ ಮುಟ್ಟುವುದಿಲ್ಲ. ರೆಕ್ಕೆ ಮತ್ತು ಪೊರೆ ಎರಡೂ ಇರುವ ಮೀನು ಮಾತ್ರ. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ಗೆ ಬಿಳಿ ಬಟ್ಟೆ, ಪೂರ್ತಿ ಉಪವಾಸ. ಪೂರಿಮ್ ಹಬ್ಬಕ್ಕೆ ಪೂರಣ ಪೋಳಿ, ನಮ್ಮ ಹೋಳಿಗೆಯೇ. ಶುಕ್ರವಾರ ಸಂಜೆಯ ಪ್ರಾರ್ಥನೆಗೆ ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತು.

ಸಮಾಜದ ಕೆಲಸಗಳೂ ಹಳೆಯವು. ಹಾಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ 1875ರಲ್ಲಿ ಶುರುಮಾಡಿದ ಶಾಲೆ ಮಜ್‌ಗಾಂವ್‌ನಲ್ಲಿ ಸರ್ ಎಲಿ ಕದೂರಿ ಹೆಸರಿನಲ್ಲಿ ಇನ್ನೂ ನಡೆಯುತ್ತಿದೆ. ಈಗ ಅಲ್ಲಿ ಓದುವವರಲ್ಲಿ ಯಹೂದಿ ಮಕ್ಕಳು ತೀರಾ ಕಡಿಮೆ. ಹೆಂಗಸರ ಸ್ತ್ರೀ ಮಂಡಳ ನೂರು ವರ್ಷಕ್ಕೂ ಹಿಂದಿನದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮರಾಠಿ ಹರಿಕೀರ್ತನೆ ನೋಡಿ ಇವರೂ ಅಬ್ರಹಾಮ, ಯೋಸೇಫರ ಕತೆಗಳನ್ನು ಮರಾಠಿ ಕೀರ್ತನೆಯಾಗಿ ಹಾಡಲು ಶುರುಮಾಡಿದರು. ಮಾವಶಿಯ ಹತ್ತಿರ ಅವರ ಅಮ್ಮನ ಕೈಬರಹದ ಹಾಡಿನ ನೋಟ್‌ಬುಕ್ ಇದೆ. ಹಾಳೆಗಳು ಪುಡಿಯಾಗುತ್ತಿವೆ. ಕಳೆದ ವರ್ಷ ನಾವಿಬ್ಬರೂ ಕೂತು ಅಷ್ಟೂ ಪುಟಗಳ ಫೋಟೋ ತೆಗೆದೆವು.

ಜನ ಕಡಿಮೆಯಾದದ್ದು ಯಾರೋ ಓಡಿಸಿದ್ದರಿಂದ ಅಲ್ಲ. ಇದನ್ನು ಮಾವಶಿ ಪ್ರತಿ ಸಲ ಒತ್ತಿ ಹೇಳುತ್ತಾರೆ. 1948ರ ನಂತರ ಇಸ್ರೇಲಿಗೆ ಹೋದರು, ಅಷ್ಟೆ. ಅಲ್ಲಿ ಹೋದವರು 'ಮಾಯಬೋಲಿ' ಅಂತ ಮರಾಠಿ ಪತ್ರಿಕೆ ನಡೆಸಿದರು. ಈಗ ಇಡೀ ಭಾರತದಲ್ಲಿ ಯಹೂದಿಗಳು ಐದು ಸಾವಿರದ ಆಸುಪಾಸು. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಇವರಿಗೆ ಅಲ್ಪಸಂಖ್ಯಾತರ ಸ್ಥಾನ ಕೊಟ್ಟಿತು.

ಹೊರಗಿನವರು ಹೋಗಬಹುದಾ? ಹೋಗಬಹುದು, ಆದರೆ ಮೊದಲೇ ಕೇಳಿ ಹೋಗಿ. 2008ರ ಮುಂಬೈ ದಾಳಿಯ ನಂತರ ಬಾಗಿಲಲ್ಲಿ ತಪಾಸಣೆ ಇರುತ್ತೆ, ಗುರುತಿನ ಚೀಟಿ ಬೇಕು. ಥಾಣೆಯ ಟೇಂಭಿ ನಾಕಾ ಹತ್ತಿರ 1879ರ ಶಾರ್ ಹಶಾಮಾಯಿಮ್ ಪ್ರಾರ್ಥನಾ ಮಂದಿರ ಇದೆ. ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಮೊಬೈಲ್ ಹೊರಗೆ ತೆಗೆಯಬೇಡಿ.

ಯಾರಾದರೂ ಮನೆಗೆ ಕರೆದರೆ ಹಣ್ಣು ಒಯ್ಯಿರಿ. ನಾನು ಮೊದಲ ಸಲ ಧಾರವಾಡ ಪೇಡ ಒಯ್ದಿದ್ದೆ. ಅವತ್ತು ಮಾವಶಿ ಮನೆಯಲ್ಲಿ ಮಟನ್ ಅಡುಗೆ. ಅವರು ಏನೂ ಹೇಳದೆ ಡಬ್ಬಿ ತೆಗೆದು ಮೇಲಿಟ್ಟರು. ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ನಮ್ಮ ಬಾಗಿಲು ತಟ್ಟಿ, "ಈಗ ತಿನ್ನಬಹುದು, ಬಾ, ಇಬ್ಬರೂ ಸೇರಿ ತಿನ್ನೋಣ" ಅಂತ ಕರೆದರು.