ಮುತ್ತಿನಂಥ ಅಕ್ಷರ ನಂಬಿ ಕೆಟ್ಟೆ, ತಂಗಿ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಬಿಎಸ್ಸಿ ನರ್ಸಿಂಗ್ ಮುಗಿಸಿದ್ದೇನೆ, ಇಂಗ್ಲೆಂಡಿಗೆ ಬರಬೇಕು, ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಕಂಪ್ಯೂಟರ್‌ನಲ್ಲೇ ಬರಿ ಅಂತಿದ್ದಾರೆ, ನನಗೆ ಟೈಪಿಂಗ್ ಬರಲ್ಲ, ಅಕ್ಷರ ಮಾತ್ರ ಚೆನ್ನಾಗಿದೆ, ಪೇಪರ್ ಪರೀಕ್ಷೆ ಹುಡುಕಲಾ ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಚಳಿ. ಬಾಡಿಗೆ ಜಾಸ್ತಿ. ಊರಿಂದ ಸ್ವೆಟರ್ ಹೊತ್ತು ತರಬೇಡ, ಇಲ್ಲಿನ ಗಾಳಿಗೆ ಅದು ಸಾಲದು. ಆ ತೂಕಕ್ಕೆ ಚಟ್ನಿಪುಡಿ ತಾ.

ನನ್ನದೂ ಮುತ್ತಿನಂಥ ಅಕ್ಷರವೇ. 2016ರಲ್ಲಿ ಬೆಂಗಳೂರಿನಲ್ಲಿ ಪೇಪರ್ ಮೇಲೆ ಬರೆದೆ. ರೈಟಿಂಗ್‌ಗೆ ಒಂದು ಗಂಟೆ, ಎರಡು ಪ್ರಶ್ನೆ. ಮೊದಲನೆಯದಕ್ಕೆ ಕನಿಷ್ಠ 150 ಪದ, ಎರಡನೆಯದಕ್ಕೆ 250, ಅದಕ್ಕೇ ಎರಡರಷ್ಟು ತೂಕ. ನಾನು ಮಹಾರಾಯ್ತಿ ಮೊದಲನೆಯದನ್ನು ರಫ್ ಬರೆದು, ಬೆರಳಿಟ್ಟು ಪದ ಎಣಿಸಿ, ಆಮೇಲೆ ಫೇರ್ ಕಾಪಿ ಮಾಡುತ್ತಾ ಕೂತೆ! ಚಿತ್ತಾದರೆ ಮಾರ್ಕ್ಸ್ ಹೋಗುತ್ತೆ ಅನ್ನುವ ನಮ್ಮ ಮೇಷ್ಟ್ರ ಪಾಠ ನಿನಗೂ ಗೊತ್ತಲ್ವಾ. ಎರಡನೆಯದರ ಕೊನೆ ಪ್ಯಾರಾ ಬರೆಯುವ ಮೊದಲೇ ಟೈಮ್ ಮುಗಿಯಿತು. 13 ದಿನ ಕಾದ ಮೇಲೆ ರೈಟಿಂಗ್‌ಗೆ ಬಂದಿದ್ದು 6.5. ಆಗ ನರ್ಸುಗಳಿಗೆ ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ನಾಲ್ಕರಲ್ಲೂ 7 ಬೇಕಿತ್ತು. ರೈಟಿಂಗ್‌ಗೆ 6.5 ಸಾಕು ಅಂತ ಮಾಡಿದ್ದು 2018ರ ಡಿಸೆಂಬರ್‌ನಲ್ಲಿ.

ಆರು ವಾರದೊಳಗೆ ಮರು ಮೌಲ್ಯಮಾಪನ ಕೇಳಬಹುದಿತ್ತು, ಅಂಕ ಬದಲಾದರೆ ಕಟ್ಟಿದ ದುಡ್ಡೂ ವಾಪಸ್. ನಾನು ಕೇಳಲಿಲ್ಲ. ಕೇಳಬೇಕಾದರೆ ಅಪ್ಪನ ಹತ್ತಿರ ದುಡ್ಡು ಕೇಳಬೇಕು, ಫೇಲ್ ಅಂತ ಹೇಳಬೇಕು. ರಿಸಲ್ಟ್ ಇನ್ನೂ ಬಂದಿಲ್ಲ ಅಂತ ಎರಡು ತಿಂಗಳು ಸುಳ್ಳು ಹೇಳಿದೆ. ಅಪ್ಪ ದಿನಾ ಕೇಳುತ್ತಿದ್ದರು, ಆಮೇಲೆ ಸುಮ್ಮನಾದರು. ಮರುವರ್ಷ ಮತ್ತೆ ಬರೆದು 7 ತಗೊಂಡೆ, ಬಂದೆ. ಅಪ್ಪ ಹೋದ ಮೇಲೆ ಅವರ ಟ್ರಂಕಿನಲ್ಲಿ ಎಲ್‌ಐಸಿ ಕಾಗದಗಳ ಜೊತೆ ಆ ಮೊದಲ ಪರೀಕ್ಷೆಯ ಅಂಕಪಟ್ಟಿ ಸಿಕ್ಕಿತು. ಪೋಸ್ಟಿನಲ್ಲಿ ಬಂದಿತ್ತು, ಅವರೇ ತಗೊಂಡಿದ್ದರು.

ಇರಲಿ. ನೀನು ಕಂಪ್ಯೂಟರ್‌ನಲ್ಲೇ ಬರಿ. ಎಷ್ಟು ಪದವಾಯಿತು ಅಂತ ಪರದೆಯೇ ತೋರಿಸುತ್ತದೆ, ಪ್ಯಾರಾ ಎತ್ತಿ ಬೇರೆ ಕಡೆ ಇಡಬಹುದು, ಫೇರ್ ಕಾಪಿ ಅನ್ನೋದೇ ಇಲ್ಲ. ಆದರೆ ಸ್ಪೆಲ್ಲಿಂಗ್ ತಪ್ಪಿದರೆ ಅದು ಹೇಳಲ್ಲ. ಲಿಸನಿಂಗ್‌ನಲ್ಲಿ ಪೇಪರ್‌ನವರಿಗೆ ಉತ್ತರ ಇಳಿಸಲು ಕೊನೆಗೆ 10 ನಿಮಿಷ ಇರುತ್ತಿತ್ತು. ನಿನಗೆ ಸಿಗುವುದು 2 ನಿಮಿಷ, ಕೇಳುತ್ತಲೇ ಟೈಪ್ ಮಾಡಬೇಕು. ಸ್ಪೀಕಿಂಗ್‌ಗೆ ಮಾತ್ರ ಮೊದಲಿನ ಹಾಗೆ ಮನುಷ್ಯರ ಜೊತೆಗೇ ಮಾತು. ಎರಡು ತಿಂಗಳು ದಿನಾ ಅರ್ಧ ಗಂಟೆ ಕೀಬೋರ್ಡ್ ಮೇಲೆ ಟೈಪ್ ಮಾಡು, ಮೊಬೈಲ್‌ನಲ್ಲಿ ಅಲ್ಲ. ನಮ್ಮ ವಾರ್ಡಿನಲ್ಲೂ ಈಗ ನೋಟ್ಸ್ ಎಲ್ಲ ಕಂಪ್ಯೂಟರ್‌ನಲ್ಲೇ, ನನ್ನ ಮುತ್ತಿನಂಥ ಅಕ್ಷರವನ್ನು ಇಲ್ಲಿ ಒಬ್ಬರೂ ನೋಡಿಲ್ಲ.

ಒರಿಜಿನಲ್ ಪಾಸ್‌ಪೋರ್ಟ್ ಮರೆಯಬೇಡ. ಚಟ್ನಿಪುಡಿ ಅಂದಿದ್ದು ತಮಾಷೆಗಲ್ಲ.